ನಾಲ್ಕು ಬೆರಳು ದಪ್ಪದ ಹಾಸಿಗೆ

ನನ್ನ ತಮ್ಮನ ಹೆಂಡತಿ ಲಾಮಾರಾ ಹನ್ನೊಂದು ವರ್ಷ ಗ್ರೀಸಿನಲ್ಲಿ ಯಾರ ಯಾರದೋ ಮನೆಯ ಮುದುಕ ಮುದುಕಿಯರನ್ನು ಎತ್ತಿ, ಹೊರಳಿಸಿ, ತೊಳೆದು, ಉಣಿಸಿ, ಕೊನೆಗೆ ತನ್ನ ಬೆನ್ನನ್ನೇ ಕೆಡಿಸಿಕೊಂಡು ಮೇ ತಿಂಗಳಲ್ಲಿ ನಮ್ಮ ಜಾರ್ಜಿಯಾದ ಕುತೈಸಿಗೆ ವಾಪಸು ಬಂದಳು. ಬಂದ ಮರುದಿನ ಬೆಳಿಗ್ಗೆ ಸೊಸೆ ಇರ್ಮಾ ಅವಳನ್ನು ಎಬ್ಬಿಸಿದ್ದು ಹೀಗೆ:

“ಅತ್ತೆ, ಸ್ವಲ್ಪ ಏಳ್ತೀರಾ? ಅತಿಥಿಗಳು ತಿಂಡಿಗೆ ಬರೋ ಹೊತ್ತಾಯ್ತು.”

ನಾನು ಮೊಟ್ಟೆ ಕೊಡಲು ಹೋದವಳು ಬಾಗಿಲಲ್ಲೇ ನಿಂತೆ. ಅಪ್ಪ ಬಿಟ್ಟುಹೋದ ಜಾಗವನ್ನು ನಾನೂ ತಮ್ಮ ಜುಂಬೇರನೂ ಹಂಚಿಕೊಂಡಿದ್ದೇವೆ. ಮನೆ ಎರಡು, ಅಂಗಳ ಒಂದೇ, ನಲ್ಲಿಯೂ ಒಂದೇ. ಅವರ ಮನೆಯಲ್ಲಿ ಚಮಚ ಬಿದ್ದರೂ ನನಗೆ ಕೇಳಿಸುತ್ತದೆ. ಈ ಗುಲಿಕೊಗೆ ಬಾಯಿ ಜೋರು ಎಂದು ಬೀದಿಯೆಲ್ಲ ಹೇಳುತ್ತದೆ, ಹೇಳಿಕೊಳ್ಳಲಿ.

ಲಾಮಾರಾ ಮಲಗಿದ್ದದ್ದು ಹಾಲಿನ ದಿವಾನದ ಮೇಲೆ. ನಾವು ಅದನ್ನು ತಖ್ತಿ ಎನ್ನುತ್ತೇವೆ. ಗೋಡೆಗೆ ಒತ್ತಿ ಇಟ್ಟ ಅಗಲವಾದ ಹಲಗೆ ಮಂಚ, ಗೋಡೆಯಿಂದಲೇ ಇಳಿದು ಮಂಚವನ್ನು ಮುಚ್ಚಿ ನೆಲದವರೆಗೆ ಬರುವ ರತ್ನಗಂಬಳಿ, ಎರಡು ಕಡೆ ಲೋಡು. ಹಗಲು ಕೂತು ಹರಟೆ ಹೊಡೆಯಲು ಅದಕ್ಕಿಂತ ಚೆಂದದ ಜಾಗವಿಲ್ಲ. ರಾತ್ರಿ ಮಲಗಲೆಂದು ಅವಳಿಗೆ ಹಾಸಿಕೊಟ್ಟಿದ್ದು ಒಂದು ಹಳೆಯ ರಜಾಯಿ, ಮಡಿಸಿ. ಅವಳು ಮೊದಲು ಮಗ್ಗುಲಾದಳು, ಆಮೇಲೆ ಮಂಡಿ ಮಡಚಿದಳು, ಆಮೇಲೆ ಲೋಡಿನ ಮೇಲೆ ಕೈಯೂರಿ ಹಲ್ಲು ಕಚ್ಚಿಕೊಂಡು ಎದ್ದಳು. ರಜಾಯಿ ಸುತ್ತಿಡುವಷ್ಟರಲ್ಲಿ ಪೋಲೆಂಡಿನ ಗಂಡ ಹೆಂಡತಿ ನಗುತ್ತಾ ಮಹಡಿಯಿಂದ ಇಳಿದು ಬಂದರು. ಅವರು ಎದ್ದು ಬಂದದ್ದು ಲಾಮಾರಾಳ ಕೋಣೆಯಿಂದ. ಮದುವೆಯಾಗಿ ಬಂದ ದಿನದಿಂದ ಅವಳದಾಗಿದ್ದ, ಅಕ್ರೋಟಿನ ಮರದ ಕಡೆಗೆ ಕಿಟಕಿ ಇರುವ ಕೋಣೆ.

ಆ ಮನೆಯ ಹೊಸ ಛಾವಣಿ, ಹೊಸ ಕಿಟಕಿ, ಮಹಡಿಯ ಸ್ನಾನದಮನೆ ಎಲ್ಲವೂ ಅವಳು ಕಳಿಸಿದ ಹಣದಲ್ಲಿ ಆದದ್ದು. ಮಗ ಮಾಮುಕಾ ಮತ್ತು ಇರ್ಮಾಗೆ ಬಾಲ್ಕನಿಯ ದೊಡ್ಡ ಕೋಣೆ. ಹತ್ತು ವರ್ಷದ ಮೊಮ್ಮಗಳು ಲಿಲೆಗೆ ಒಂದು ಕೋಣೆ. ಜುಂಬೇರ್ ಅಡುಗೆಮನೆಯ ಹಿಂದೆ ಕಬ್ಬಿಣದ ಸಣ್ಣ ಮಂಚದಲ್ಲಿ. ಉಳಿದ ಕೋಣೆ ಪ್ರವಾಸಿಗಳಿಗೆ ಬಾಡಿಗೆಗೆ. ಎಲ್ಲರಿಗೂ ಜಾಗ ಮಾಡಿಕೊಟ್ಟವಳಿಗೆ ಜಾಗ ಇರಲಿಲ್ಲ ಎಂದು ಅವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ಯಾರೂ ಬಾಯಿಬಿಟ್ಟಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಅಕ್ರೋಟು ಹಾಕಿದ ಕಾಳಿನ ಪಲ್ಯ, ಮೆಕ್ಕೆಜೋಳದ ರೊಟ್ಟಿ, ಚೀಸ್, ಹುಳಿ ಪ್ಲಮ್ಮಿನ ಚಟ್ನಿ. ನನ್ನನ್ನೂ ಕರೆದಿದ್ದರು.

“ನನಗೊಂದು ಹಾಸಿಗೆ ಬೇಕು,” ಅಂದಳು ಲಾಮಾರಾ.

“ತಗೊಳ್ಳೋಣ ಅಮ್ಮ, ಅದಕ್ಕೇನಂತೆ,” ಅಂದ ಮಾಮುಕಾ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ.

“ದಪ್ಪದ್ದು ಬೇಡ,” ಅಂದಳು ಇರ್ಮಾ. “ದಿವಾನ ಎತ್ತರ ಆಗ್ಬಿಟ್ರೆ ಕೂತೋರ ಕಾಲು ನೆಲಕ್ಕೆ ಎಟುಕಲ್ಲ. ಲೋಡು ಜಾರ್ತವೆ. ಗಂಬಳಿ ಗಿಡ್ಡ ಆಗತ್ತೆ. ಜನ ನಮ್ಮನೆಗೆ ಬರೋದೇ ಆ ದಿವಾನದ ಫೋಟೋ ನೋಡಿ, ಅತ್ತೆ.”

“ಹಾಗಾದ್ರೆ ಎಷ್ಟು ದಪ್ಪ ಆಗ್ಬೋದು, ನೀನೇ ಹೇಳು.”

ಇರ್ಮಾ ಹಿಟ್ಟು ಮೆತ್ತಿದ ಕೈಯನ್ನು ಅಡ್ಡ ಹಿಡಿದು ತೋರಿಸಿದಳು. “ನಾಲ್ಕು ಬೆರಳು.”

“ನಾಲ್ಕು ಬೆರಳು! ಗ್ರೀಸಿನ ಥೆಸಲೋನಿಕಿಯಲ್ಲಿ ಮುದುಕಿಯ ನಾಯಿ ಮಲಗೋದು ಇದಕ್ಕಿಂತ ದಪ್ಪ ಇತ್ತು ಕಣೇ.”

“ಬೆನ್ನುನೋವಿಗೆ ಗಟ್ಟಿ ಹಲಗೇನೇ ಒಳ್ಳೇದು,” ಅಂತ ಜುಂಬೇರ್ ಮಧ್ಯೆ ಬಾಯಿ ಹಾಕಿದ. “ನಮ್ಮಪ್ಪ ಸಾಯೋ ತನಕ ಬರೀ ನೆಲದ ಮೇಲೆ ಮಲಗ್ತಿದ್ದ. ಒಂದಿನ ಬೆನ್ನು ಹಿಡ್ಕೊಂಡೋನಲ್ಲ.”

“ಅಪ್ಪ ಕುಡಿದು ಬಿದ್ದಲ್ಲೇ ಮಲಗ್ತಿದ್ದ ಕಣೋ,” ಅಂದೆ ನಾನು. “ಅದನ್ನ ಔಷಧಿ ಅಂತ ಹೇಳಬೇಡ.”

ಲಿಲೆ ಕಿಸಕ್ಕನೆ ನಕ್ಕಳು. ಬೇರೆ ಯಾರೂ ನಗಲಿಲ್ಲ.

ಎರಡು ದಿನ ಬಿಟ್ಟು ಮಾಮುಕಾ ಸಂತೆಯಿಂದ ಸ್ಪಂಜಿನ ಹಾಳೆ ತಂದ. ಸರಿಯಾಗಿ ನಾಲ್ಕು ಬೆರಳು. ಅದನ್ನು ಸಂದಿಲ್ಲದ ಹಲಗೆಗಳ ಮೇಲೆ ಹಾಕಿ, ಮೇಲೆ ಗಂಬಳಿ ಹೊದಿಸಿ, “ಇನ್ನು ಮಹಾರಾಣಿ ಥರ ಮಲಗಮ್ಮ” ಅಂದ. ಕುತೈಸಿಯ ತೇವ ಎಂಥದ್ದು ಎಂದು ಇಲ್ಲೇ ಹುಟ್ಟಿ ಬೆಳೆದವನಿಗೆ ಗೊತ್ತಿರಬೇಡವೇ? ಮೇಲೆ ಮೈ ಬೆವರು, ಕೆಳಗೆ ಗಾಳಿಯಾಡದ ಮರ. ವಾರ ಕಳೆಯುವಷ್ಟರಲ್ಲಿ ಸ್ಪಂಜಿನ ಅಡಿಯೆಲ್ಲ ಒದ್ದೆಯಾಗಿ ಮುಗ್ಗಲು ವಾಸನೆ ಹೊಡೆಯಿತು. ಇರ್ಮಾ ಗಂಬಳಿ ಎತ್ತಿ ಮೂಗು ಮುಚ್ಚಿಕೊಂಡಳು.

“ಇದನ್ನ ಅತಿಥಿಗಳು ಮೂಸಿದ್ರೆ ಏನು ಬರೀತಾರೆ ಗೊತ್ತಾ?”

“ನಾನು ವಾರದಿಂದ ಮೂಸ್ತಿದೀನಲ್ಲ,” ಅಂದಳು ಲಾಮಾರಾ. “ನಾನೂ ಬರೀಲಾ?”

“ನಿಮ್ಮನ್ನ ಅಂತಿಲ್ಲ ಅತ್ತೆ. ಎಲ್ಲಾ ಮಾತಿಗೂ ಹೀಗೆ ಚುಚ್ಚಿದ್ರೆ ನಾನು ಹೇಗೆ ಮಾತಾಡ್ಲಿ?”

“ಮಾತಾಡಬೇಡ. ಹಾಸಿಗೆ ಕೊಡು.”

ಇರ್ಮಾ ದುಷ್ಟೆ ಎಂದು ನಾನು ಹೇಳುವುದಿಲ್ಲ. ನಾನು ಕೋಳಿ ಬಿಡುವ ಮೊದಲೇ ಅವಳ ಅಡುಗೆಮನೆಯ ದೀಪ ಉರಿಯುತ್ತಿರುತ್ತದೆ. ಹಿಟ್ಟು ನಾದಿ, ಚೀಸ್ ತುಂಬಿ, ಖಚಾಪುರಿ ರೊಟ್ಟಿ ಸುಟ್ಟು, ಅತಿಥಿಗಳ ಹೊದಿಕೆ ಒಗೆದು, ಮಾವನ ಚೊಣ್ಣವನ್ನೂ ಅವಳೇ ಒಗೆಯಬೇಕು. ಗಂಡ ಪ್ರವಾಸಿಗಳನ್ನು ಗುಹೆ ನೋಡಲು ಕರೆದುಕೊಂಡು ಹೋಗುತ್ತೇನೆಂದು ವ್ಯಾನು ತಂದ. ಆ ವ್ಯಾನು ಇಂಜಿನ್ ಕೆಟ್ಟು ಎರಡು ವರ್ಷದಿಂದ ಕಲ್ಲಿನ ಮೇಲೆ ಕೂತಿದೆ, ಅವನು ಅದರ ಪಕ್ಕದಲ್ಲಿ ಕೂತಿದ್ದಾನೆ. ಆದರೂ ಅತ್ತೆಯ ಬೆನ್ನಿಗಿಂತ ಲೋಡು ಜಾರುವುದು ಅವಳಿಗೆ ದೊಡ್ಡದಾಗಿ ಕಂಡಿತಲ್ಲ, ಅದು ನನ್ನ ಹೊಟ್ಟೆ ಉರಿಸಿತು.

ಗಾಳಿಯಾಡಬೇಕು, ಅಷ್ಟೇ ತಾನೆ ಎಂದು ಮಾಮುಕಾ ಹಲಗೆಗಳನ್ನು ಕಿತ್ತು ಪಟ್ಟಿ ಹೊಡೆದ. ಮರ ಉಳಿಸಲು ಪಟ್ಟಿಗಳನ್ನು ದೂರ ದೂರ ಹೊಡೆದ. ಸ್ಪಂಜು ಪಟ್ಟಿಗಳ ನಡುವೆ ಜೋತುಬಿತ್ತು. ಲಾಮಾರಾಳ ಸೊಂಟ ಒಂದು ಸಂದಿನಲ್ಲಿ, ಹೆಗಲು ಇನ್ನೊಂದರಲ್ಲಿ. ಮೂರನೆಯ ದಿನ ಬೆಳಿಗ್ಗೆ ಜರ್ಮನಿಯ ಭಾರೀ ಗಾತ್ರದ ಒಬ್ಬ ಅತಿಥಿ ಚಹಾದ ಲೋಟ ಹಿಡಿದು ದಿವಾನದ ಮೇಲೆ ಕೂತ, ಪಟ್ಟಿ ಲಟಕ್ಕೆಂದಿತು, ಮನುಷ್ಯ ಗಂಬಳಿಯ ಸಮೇತ ಒಳಗೆ ಹೋದ. ಇರ್ಮಾ ಕ್ಷಮೆ ಕೇಳಿದ್ದೇ ಕೇಳಿದ್ದು. ಜುಂಬೇರ್ ವೈನ್ ಸುರಿದುಕೊಟ್ಟು ಸಮಾಧಾನ ಮಾಡಿದ.

“ಈಗ ಅಂಗಡಿಗೆ ಹೋಗೋಣ,” ಅಂದ ಮಾಮುಕಾ.

“ಜರ್ಮನಿಯೋನು ಬಿದ್ದ ಮೇಲೆ ನೆನಪಾಯ್ತು,” ಅಂದಳು ಲಾಮಾರಾ. “ಗುಲಿಕೊ ಅಕ್ಕ, ನೀನೂ ಬಾ. ನನಗೆ ಇವನ ಜೊತೆ ಒಬ್ಬಳೇ ಹೋಗೋಕೆ ಮನಸ್ಸಿಲ್ಲ.”

ಪೇಟೆಯ ಅಂಗಡಿಯಲ್ಲಿ ಹಾಸಿಗೆಗಳನ್ನು ಸಾಲಾಗಿ ಮಲಗಿಸಿಟ್ಟಿದ್ದರು. ಕನ್ನಡಕದ ಒಬ್ಬ ಹೆಂಗಸು ಬಂದು ಚೆನ್ನಾಗಿಯೇ ಮಾತಾಡಿಸಿದಳು. ಸ್ಪ್ರಿಂಗಿನದು, ರಬ್ಬರಿನದು, ತೆಂಗಿನ ನಾರಿನದು, ಎಲ್ಲವನ್ನೂ ಒತ್ತಿ ತೋರಿಸಿದಳು. ಲಾಮಾರಾ ಚಪ್ಪಲಿ ಬಿಟ್ಟು ಒಂದರ ಮೇಲೆ ಮಲಗಿ ನೋಡಿದಳು. ಮುಖ ಸಡಿಲವಾಯಿತು. ಊರಿಗೆ ಬಂದ ಮೇಲೆ ಅವಳ ಹುಬ್ಬು ಬಿಚ್ಚಿದ್ದನ್ನು ನಾನು ಮೊದಲ ಸಲ ಕಂಡೆ.

“ದಿವಾನಕ್ಕೆ ಅಂದ್ರೆ ಎರಡು ಥರ ಇದೆ,” ಅಂದಳು ಆ ಹೆಂಗಸು. “ದಿನಾ ಮಲಗೋರಿಗೆ ಬೇರೆ, ಯಾವಾಗ್ಲಾದ್ರೂ ಬಂದು ಹೋಗೋರಿಗೆ ಬೇರೆ. ನಿಮ್ಮನೇಲಿ ಯಾರು ಮಲಗ್ತಾರೆ?”

“ಬಂದು ಹೋಗೋರು,” ಅಂದ ಮಾಮುಕಾ. “ಅಕ್ಟೋಬರಿನ ದ್ರಾಕ್ಷಿ ಕೊಯ್ಲಿನ ತನಕ ಬಾಳಿದ್ರೆ ಸಾಕು. ಅಗ್ಗದ್ದು ತೋರ್ಸಿ.”

ಅವನು ಮೆಲ್ಲಗೇ ಹೇಳಿದ್ದ. ಆದರೆ ಲಾಮಾರಾ ಅಲ್ಲೇ ಮಲಗಿದ್ದಳಲ್ಲ.

“ದ್ರಾಕ್ಷಿ ಕೊಯ್ಲಾದ ಮೇಲೆ ನಾನು ಎಲ್ಲಿಗೆ ಹೋಗ್ತೀನೋ?”

“ಎದ್ದೇಳಮ್ಮ, ಮನೇಲಿ ಮಾತಾಡೋಣ.”

“ಏಳಲ್ಲ. ಎಲ್ಲಿಗೆ ಹೋಗ್ತೀನಿ, ಹೇಳು.”

ಮಾಮುಕಾ ಕತ್ತು ಕೆರೆದುಕೊಂಡ. “ಮಾರೋ ಇದಾಳಲ್ಲ, ಥೆಸಲೋನಿಕಿಯಲ್ಲಿ ಕೆಲಸ ಕೊಡಿಸೋಳು… ಅಲ್ಲೊಬ್ಬ ಮುದುಕ ಇದಾನಂತೆ. ಒಳ್ಳೇ ಮನೆಯಂತೆ. ಮುದುಕ ತುಂಬ ತೆಳ್ಳಗಿದಾನಂತಮ್ಮ, ಎತ್ತೋಕೆ ಕಷ್ಟ ಆಗಲ್ವಂತೆ.”

“ಅವಳು ನಿನಗೆ ಫೋನ್ ಮಾಡಿದ್ಲಾ, ನೀನು ಅವಳಿಗೆ ಮಾಡಿದ್ಯಾ?”

ಅವನು ಪಕ್ಕದ ಹಾಸಿಗೆಯನ್ನು ಒತ್ತಿ ಒತ್ತಿ ನೋಡತೊಡಗಿದ.

“ನಾಚಿಕೆಗೆಟ್ಟೋನೇ, ಬಾಯಿ ಬಿಡು!” ಅಂದೆ ನಾನು.

“ನಾನೇ ಮಾಡಿದ್ದೆ. ಏನತ್ತೆ, ಎಲ್ಲರೂ ನನ್ನ ಮೇಲೇ ಹರಿಹಾಯ್ತೀರಾ! ಮನೆ ನಡೀಬೇಡ್ವಾ? ಒಂದು ಕೋಣೆ ಬಾಡಿಗೇಲಿ ಏನಾಗತ್ತೆ? ವ್ಯಾನಿಗೆ ಇಂಜಿನ್ ಬೇಕು. ಅಮ್ಮಂಗೆ ಅಲ್ಲಿ ಭಾಷೆ ಬರತ್ತೆ, ಜನ ಗೊತ್ತು. ಇಲ್ಲಿ ಕೂತ್ಕೊಂಡು ಏನ್ ಮಾಡ್ತಾಳೆ, ಇರ್ಮಾ ಜೊತೆ ಜಗಳ ತಾನೆ?”

ಅಂಗಡಿಯಲ್ಲಿದ್ದವರೆಲ್ಲ ದಿಂಬು ನೋಡುವ ನೆಪದಲ್ಲಿ ಹತ್ತಿರ ಬಂದರು. ಕನ್ನಡಕದ ಹೆಂಗಸು ಪಾಪ, ಯಾರ ಮುಖ ನೋಡಬೇಕೆಂದು ತಿಳಿಯದೆ ಬೆಲೆಯ ಚೀಟಿ ನೋಡಿದಳು. ಲಾಮಾರಾ ನಿಧಾನವಾಗಿ ಎದ್ದು, ಚಪ್ಪಲಿ ಮೆಟ್ಟಿ, ಆ ಹೆಂಗಸಿಗೆ ಮಾತ್ರ ಹೇಳಿದಳು.

“ನಿಮ್ಮ ಹಾಸಿಗೆ ಚೆನ್ನಾಗಿದೆಯಮ್ಮ. ಆದ್ರೆ ನಮಗೆ ಬೇಡ. ನನ್ನ ಹತ್ತಿರ ನನ್ನದೇ ಇದೆ.”

ಅವಳು ಹೇಳಿದ್ದು ಉಣ್ಣೆಯ ಮಾತು. ನಮ್ಮಲ್ಲಿ ಮಗಳ ಮದುವೆಗೆ ತಾಯಿ ಹಾಸಿಗೆಯ ಉಣ್ಣೆ ಕೊಡುತ್ತಾಳೆ. ಲಾಮಾರಾಳ ತಾಯಿ ಬೆಟ್ಟದ ಊರಿನವಳು, ಮನೆಯ ಕುರಿಗಳ ಉಣ್ಣೆಯನ್ನು ವರ್ಷಾನುಗಟ್ಟಲೆ ಕೂಡಿಟ್ಟು ದೊಡ್ಡದೊಂದು ಹಾಸಿಗೆ ತುಂಬಿಸಿ ಕೊಟ್ಟಿದ್ದಳು. ಆ ಉಣ್ಣೆ ಹಳತಾಗುವುದಿಲ್ಲ. ಬೇಸಿಗೆಯಲ್ಲಿ ಹೊಲಿಗೆ ಬಿಚ್ಚಿ, ತೊಳೆದು, ಒಣಗಿಸಿ, ಕೋಲಿನಿಂದ ಬಡಿದು ಮತ್ತೆ ತುಂಬಿದರೆ ಹೊಸದೇ. ಲಾಮಾರಾ ಗ್ರೀಸಿಗೆ ಹೋಗುವ ತನಕ ಪ್ರತಿ ಬೇಸಿಗೆ ನಾನೂ ಅವಳೂ ಅಂಗಳದಲ್ಲಿ ಅದನ್ನು ಬಡಿಯುತ್ತಿದ್ದೆವು.

ಮನೆಗೆ ಬಂದವಳು ಕೈಚೀಲವನ್ನೂ ಇಳಿಸಲಿಲ್ಲ. “ನನ್ನ ಉಣ್ಣೆ ಎಲ್ಲಿದೆ?”

ಇರ್ಮಾ ಬೀನ್ಸ್ ಮುರಿಯುತ್ತಿದ್ದವಳು ಮುರಿಯುತ್ತಲೇ ಇದ್ದಳು. ಜುಂಬೇರ್ ಕಿಟಕಿಯ ಹೊರಗೆ ನೋಡಿದ. ಲಿಲೆಗೆ ಮಾತ್ರ ಮುಚ್ಚಿಡಬೇಕೆಂದು ಗೊತ್ತಿರಲಿಲ್ಲ.

“ಅತಿಥಿಗಳ ಮಂಚದ ಮೇಲಿದೆಯಲ್ಲ ಅಜ್ಜಿ. ಅಮ್ಮ ಅದರ ಫೋಟೋನೂ ಹಾಕಿದಾಳೆ. ‘ಅಜ್ಜಿ ಕೈಯಾರೆ ಮಾಡಿದ ಉಣ್ಣೆ ಹಾಸಿಗೆ’ ಅಂತ ಕೆಳಗೆ ಬರ್ದಿದಾಳೆ. ಎಲ್ಲರೂ ತುಂಬ ಚೆನ್ನಾಗಿದೆ ಅಂತಾರೆ.”

ಇರ್ಮಾ ಬೀನ್ಸಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

“ಓಹೋ,” ಅಂದಳು ಲಾಮಾರಾ. “ಅಜ್ಜಿ ಕೈಯಾರೆ. ಅಜ್ಜಿ ಕೆಳಗಡೆ ಕೊಳೆತ ಸ್ಪಂಜಿನ ಮೇಲೆ ಮಲಗಿದಾಳೆ ಅಂತಾನೂ ಬರೀಬೇಕಿತ್ತು.”

ಊಟಕ್ಕೆ ಕೂತಾಗ ಅವಳು ತಟ್ಟೆ ಮುಟ್ಟಲಿಲ್ಲ. ಗಂಡನ ಕಡೆ ತಿರುಗಿದಳು.

“ಮಾರೋ ಹತ್ತಿರ ಇವನು ಮಾತಾಡಿದ್ದು ನಿನಗೆ ಗೊತ್ತಿತ್ತಾ?”

ಜುಂಬೇರ್ ಲೋಟ ತಿರುಗಿಸಿದ. “ನಾನು ಬೇಡ ಅಂದಿದ್ದೆ.”

“ಯಾರಿಗೆ ಅಂದೆ?”

“ಯಾರಿಗೂ ಅಲ್ಲ. ಮನಸ್ಸಲ್ಲೇ ಅಂದ್ಕೊಂಡೆ.”

ನನಗೆ ಲೋಟ ಎತ್ತಿ ಅವನ ತಲೆಗೆ ಹೊಡೆಯೋಣ ಅನ್ನಿಸಿತು. ಒಡಹುಟ್ಟಿದವನು, ಅರವತ್ತು ದಾಟಿದವನು, ಅವಳು ಕಳಿಸಿದ ಸ್ವೆಟರ್ ಹಾಕಿಕೊಂಡೇ ಕೂತಿದ್ದ. ಲಾಮಾರಾ ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತಳು. ಅಳುತ್ತಾಳೇನೋ ಎಂದು ನಾನು ಹಿಂದೆಯೇ ಹೋದೆ. ಅಳುತ್ತಿರಲಿಲ್ಲ. ನಲ್ಲಿ ತಿರುಗಿಸಿ ನೀರು ಎಷ್ಟು ಜೋರಾಗಿ ಬರುತ್ತದೆಂದು ನೋಡುತ್ತಿದ್ದಳು.

ಮರುದಿನ ಬಿಸಿಲು ಚೆನ್ನಾಗಿ ಬಂತು. ಅತಿಥಿಗಳು ತಿಂಡಿ ತಿಂದು ಬ್ಯಾಗು ಹೊತ್ತು ಹೊರಡುವುದನ್ನೇ ಕಾದು ಅವಳು ಮಹಡಿ ಹತ್ತಿದಳು. ನನ್ನನ್ನು ಕರೆಯಲಿಲ್ಲ, ನಾನೇ ಹೋದೆ. ಇಬ್ಬರೂ ಸೇರಿ ಹಾಸಿಗೆಯನ್ನು ಮಂಚದಿಂದ ಎಳೆದು ಮೆಟ್ಟಿಲ ಮೇಲೆ ಜಾರಿಸಿದೆವು. ಕೆಳಗೆ ಮಾಮುಕಾ ಕೈ ಅಡ್ಡ ಹಿಡಿದು ನಿಂತಿದ್ದ.

“ಅಮ್ಮ, ಸಾಯಂಕಾಲ ಬೇರೆ ಜನ ಬರ್ತಾರೆ! ಅವರನ್ನ ಎಲ್ಲಿ ಮಲಗಿಸ್ಲಿ?”

“ನಾಲ್ಕು ಬೆರಳಿನ ಸ್ಪಂಜು ಇದೆಯಲ್ಲ. ಬಂದು ಹೋಗೋರಿಗೆ ಅದು ಸಾಕಂತೆ.”

“ನಿನಗೆ ಹುಚ್ಚು ಹಿಡಿದಿದೆ!”

“ಜರುಗೋ ಪಕ್ಕಕ್ಕೆ. ಬೆನ್ನು ಹಿಡ್ಕೊಂಡ್ರೆ ನಿನ್ನ ಮೇಲೇ ಬೀಳ್ತೀನಿ.”

ಅವನು ಜರುಗಿದ. ಲಾಮಾರಾ ಅಂಗಳದ ಮಧ್ಯೆ ಕೂತು ಚಾಕುವಿನಿಂದ ಹೊಲಿಗೆ ಬಿಚ್ಚಿದಳು. ಹೊಲಿಗೆ ಬಿಚ್ಚಿದ ಮೇಲೆ ಯಾರೂ ಏನೂ ಮಾಡುವಂತಿಲ್ಲ. ಉಣ್ಣೆ ತೊಳೆಯಲೇಬೇಕು, ಒಣಗಲೇಬೇಕು, ಅಲ್ಲಿಯ ತನಕ ಆ ಮಂಚ ಯಾರಿಗೂ ಇಲ್ಲ. ನಾವಿಬ್ಬರೂ ದೊಡ್ಡ ಬೋಗುಣಿಗಳಲ್ಲಿ ಸಂಜೆಯ ತನಕ ತೊಳೆದೆವು. ಅವಳು ಬಗ್ಗುವಂತಿರಲಿಲ್ಲ, ಸ್ಟೂಲಿನ ಮೇಲೆ ಕೂತು ಹಿಂಡಿದಳು. ಕೊಳೆನೀರು ಗೇಟಿನ ತನಕ ಹರಿಯಿತು. ಮಾಮುಕಾ ವ್ಯಾನಿನೊಳಗೆ ಕೂತು ಫೋನಿನಲ್ಲಿ ಯಾರಿಗೋ ಕ್ಷಮೆ ಕೇಳುತ್ತಿದ್ದ.

ನಾಲ್ಕಾರು ದಿನ ಬೇಲಿಯ ಮೇಲೆ, ತಂತಿಯ ಮೇಲೆ, ನನ್ನ ಕೋಳಿಗೂಡಿನ ಮೇಲೆ ಎಲ್ಲ ಕಡೆ ಉಣ್ಣೆ. ಒಂದು ಅಂಗಳದಲ್ಲಿ ಉಣ್ಣೆ ಹರಡಿದ್ದು ಕಂಡರೆ ನಮ್ಮ ಬೀದಿಯ ಹೆಂಗಸರು ಕರೆಯದಿದ್ದರೂ ಬರುತ್ತಾರೆ, ಬಳುಕುವ ಕೋಲು ಅವರವರೇ ತರುತ್ತಾರೆ. ಅದು ಹಿಂದಿನಿಂದ ಬಂದ ರೂಢಿ. ಮನೆಯವರು ಊಟ ಹಾಕಬೇಕು, ಅಷ್ಟೆ. ಶನಿವಾರ ಆರೇಳು ಜನ ಬಂದು ಹಾಸಿದ ಬಟ್ಟೆಯ ಸುತ್ತ ಕೂತರು. ಕೋಲು ಬೀಸುವ ಸದ್ದಿಗೆ ಬೀದಿಯೇ ತುಂಬಿತು. ವಿಷಯ ಎಲ್ಲರಿಗೂ ಗೊತ್ತಿತ್ತು. ಹಾಸಿಗೆ ಅಂಗಡಿಯಿಂದ ನಾವು ಬರುವ ಮೊದಲೇ ಸುದ್ದಿ ಬಂದಿತ್ತು.

ಇರ್ಮಾ ಬಿಸಿ ರೊಟ್ಟಿಯ ತಟ್ಟೆ ತಂದು ನೆಲದ ಮೇಲೆ ಕುಕ್ಕಿದಳು.

“ಒಂದು ವಾರದ ಬುಕಿಂಗ್ ಹೋಯ್ತು ಅತ್ತೆ. ಸಮಾಧಾನ ಆಯ್ತಾ? ಹೊರಡೋ ಮುಂಚೆ ಮನೆ ಮುಳುಗಿಸಿ ಹೋಗಬೇಕು ಅಂತಿತ್ತಾ?”

“ಯಾರು ಹೊರಡ್ತಿರೋದು?”

“ನೀವೇ! ಇಲ್ಲಿರೋಕೆ ಬೇಜಾರು, ಕೊಯ್ಲಿಗೆ ಮುಂಚೆ ವಾಪಸು ಹೋಗ್ತೀನಿ ಅಂದ್ರಂತಲ್ಲ. ನಾಲ್ಕೈದು ತಿಂಗಳಿಗೆ ಅಂತಾನೇ ನಾನು ಸಣ್ಣ ಹಾಸಿಗೆ ಸಾಕು ಅಂದಿದ್ದು. ನಿಮ್ಮ ಕೋಣೆ ಖಾಲಿ ಮಾಡ್ಸಿದ್ರೆ ನೀವು ಹೋದ ಮೇಲೆ ಮತ್ತೆ ಜನ ಬರೋಕೆ ವರ್ಷ ಹಿಡಿಯತ್ತೆ ಅಂತ…”

“ಯಾರಂದ್ರು ನಿನಗೆ?”

“ಮಾಮುಕಾ.”

ಕೋಲುಗಳು ಒಂದೊಂದಾಗಿ ನಿಂತವು.

“ಅವನೇ ಮಾರೋಗೆ ಫೋನ್ ಮಾಡಿದ್ದು ಕಣೇ,” ಅಂದೆ ನಾನು. “ಅಂಗಡೀಲಿ ಅವನ ಬಾಯಿಂದಲೇ ಕೇಳಿದೀನಿ. ಇವಳಿಗೂ ಅಲ್ಲೇ ಗೊತ್ತಾಗಿದ್ದು.”

ಇರ್ಮಾ ನನ್ನ ಮುಖ ನೋಡಿದಳು, ಲಾಮಾರಾಳ ಮುಖ ನೋಡಿದಳು. ಆಮೇಲೆ ಪಕ್ಕದವಳ ಕೈಯಿಂದ ಕೋಲು ಕಿತ್ತುಕೊಂಡು ಕೂತಳು. ಅವತ್ತು ಆ ಉಣ್ಣೆ ತಿಂದಂಥ ಏಟನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ. ಎಳೆಗಳು ಹಾರಿ ಅವಳ ಹುಬ್ಬಿಗೆ, ತುಟಿಗೆ ಅಂಟಿದವು.

“ನಾನು ಬಸುರಿ ಇದ್ದಾಗ ಹೋದ್ರಿ ನೀವು,” ಅಂದಳು, ಬಡಿಯುತ್ತಲೇ. “ಗೊತ್ತಾ? ಇಬ್ಬರು ಗಂಡಸರನ್ನ ನನ್ನ ಕೊರಳಿಗೆ ಕಟ್ಟಿ ಹೋದ್ರಿ. ತಿಂಗಳಾ ತಿಂಗಳಾ ದುಡ್ಡು ಬಂತು. ಯಾರ ಕೈಗೆ ಬಂತು? ಅವನ ಕೈಗೆ. ಒಲೆ ಕೆಟ್ಟಾಗ ಕೂಡ ನಾನು ಅವನ ಹತ್ತಿರ ಕೇಳಿ ಬೈಸ್ಕೊಳ್ಬೇಕಿತ್ತು. ಈ ಕೋಣೆ ಬಾಡಿಗೆ ಶುರು ಮಾಡಿದ ಮೇಲೇನೇ ನನ್ನ ಕೈಗೆ ಅಂತ ಏನಾದ್ರೂ ಬಂದಿದ್ದು.”

“ನನಗೇಕೆ ಹೇಳಲಿಲ್ಲ?”

“ಫೋನಲ್ಲಿ ಹೇಳೋದಾ? ಅವನು ಪಕ್ಕದಲ್ಲೇ ಕೂತಿರ್ತಿದ್ದ!”

“ಅವನ ಹೆಸರಿಗೆ ಕಳಿಸಿದ್ದು ನನ್ನ ದಡ್ಡತನ,” ಅಂದಳು ಲಾಮಾರಾ. “ಆದ್ರೂ ನನ್ನ ಉಣ್ಣೆ ಬಾಡಿಗೆಗೆ ಕೊಟ್ಟಿದ್ದು ತಪ್ಪು ಕಣೇ ಇರ್ಮಾ. ಕೇಳಬೇಕಿತ್ತು.”

“ತಪ್ಪು. ಕೇಳಬೇಕಿತ್ತು.” ಇರ್ಮಾಳ ಕೋಲು ನಿಲ್ಲಲಿಲ್ಲ. “ನಿಮ್ಮನ್ನ ದಿನಾ ಬೆಳಿಗ್ಗೆ ಎಬ್ಬಿಸ್ತಿದ್ದೆನಲ್ಲ, ಅದೂ ತಪ್ಪು.”

ಅವರು ತಬ್ಬಿಕೊಳ್ಳಲಿಲ್ಲ, ಅಳಲಿಲ್ಲ. ಸಿಟ್ಟು ಇಳಿಯುವಂಥದ್ದಾಗಿರಲಿಲ್ಲ, ದಿಕ್ಕು ಬದಲಾಗಿತ್ತು ಅಷ್ಟೆ. ಅಷ್ಟರಲ್ಲಿ ಮಾಮುಕಾ ಗೇಟಿನಿಂದ ಬಂದ. ಹೆಂಗಸರ ಗುಂಪು ನೋಡಿ ಆಚೆಯಿಂದಲೇ ಕೂಗಿದ. “ಬೇಗ ತುಂಬಿ ಹೊಲೀರಿ. ಸೋಮವಾರಕ್ಕೆ ಲಾತ್ವಿಯಾದೋರು ಬರ್ತಿದಾರೆ.”

ಇರ್ಮಾ ಎದ್ದು ನಿಂತಳು. ಅವಳ ಕೈಯಲ್ಲಿ ಕೋಲಿತ್ತು. ಅವನು ಒಂದು ಹೆಜ್ಜೆ ಹಿಂದಿಟ್ಟ.

“ಬರಲಿ,” ಅಂದಳು. “ಅವರಿಗೆ ನಮ್ಮ ಕೋಣೆ ಕೊಡ್ತೀನಿ. ದೊಡ್ಡದಿದೆ, ಬಾಲ್ಕನಿ ಇದೆ, ಇನ್ನೂ ಜಾ‌ಸ್ತಿ ಕೊಡ್ತಾರೆ.”

“ನಮ್ಮ ಕೋಣೆ? ನಾವೆಲ್ಲಿ ಮಲಗೋದು?”

“ನಾನು ಲಿಲೆ ಜೊತೆ. ನೀನು ದಿವಾನದ ಮೇಲೆ.”

“ಅದು ಮುರಿದಿದೆ!”

“ಮುರಿದೋನು ನೀನೇ. ಸರಿ ಮಾಡ್ಕೋ.”

ಹೆಂಗಸರು ಬಿದ್ದು ಬಿದ್ದು ನಕ್ಕರು. ಮಾಮುಕಾ ತಂದೆಯನ್ನು ಕೂಗಿದ. ಜುಂಬೇರ್ ಅಡುಗೆಮನೆಯ ಬಾಗಿಲಿಗೆ ಬಂದು, ಎಲ್ಲರನ್ನೂ ನೋಡಿ, ಒಳಗೆ ಹೋಗಲು ತಿರುಗಿದ.

“ನಿಲ್ಲು,” ಅಂದಳು ಲಾಮಾರಾ. “ನೀನು ನನ್ನ ಕೋಣೆಯ ಮಂಚಕ್ಕೆ ಹಲಗೆ ಕುಯ್ಯಿ. ಉಣ್ಣೆ ಹಾಸಿಗೆಗೆ ಪಟ್ಟಿ ಆಗಲ್ಲ, ಹಲಗೇನೇ ಬೇಕು. ಒಂದಕ್ಕೊಂದು ಅಂಟಬಾರದು, ನಡುವೆ ಬೆರಳು ತೂರೋಷ್ಟು ಸಂದು ಬಿಡು. ಮನಸ್ಸಲ್ಲೇ ಕುಯ್ಬೇಡ, ಕೈಯಲ್ಲಿ ಕುಯ್ಯಿ.”

ಎರಡು ದಿನ ಅವನು ಹಲಗೆ ಕುಯ್ದು, ನಯ ಮಾಡಿ, ಮಹಡಿಗೆ ಹೊತ್ತ. ಅವಳು ಹೇಳಿದ ಹಾಗೇ ಸಂದು ಬಿಟ್ಟು ಜೋಡಿಸಿದ. ನಾವು ಮೂವರು ಹೊಸ ಗವಸಿನಲ್ಲಿ ಉಣ್ಣೆ ತುಂಬಿ ದಬ್ಬಣದಿಂದ ಹೊಲಿದೆವು. ಲಾಮಾರಾ ಒಬ್ಬರು ಮಲಗುವಷ್ಟೇ ಅಗಲ ಸಾಕೆಂದಳು. ದಪ್ಪ ಮಾತ್ರ ಮೊಣಕೈ ಹುದುಗುವಷ್ಟು ಇಡಿಸಿದಳು. ಎರಡನೆಯ ದಿಂಬು ತಂದು ಬಾಗಿಲಲ್ಲಿ ನಿಂತಿದ್ದ ಜುಂಬೇರನಿಗೆ, “ನಿನ್ನ ಕಬ್ಬಿಣದ ಮಂಚಕ್ಕೆ ಏನಾಗಿದೆ?” ಎಂದು ಕೇಳಿದಳು. ಅವನು ದಿಂಬು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದ.

ಸೋಮವಾರ ಮಧ್ಯಾಹ್ನ ಊಟ ಮುಗಿಸಿ ಅವಳು ಮೊದಲ ಸಲ ಅದರ ಮೇಲೆ ಮಲಗಿದಳು. ನಾನೂ ಇರ್ಮಾಳೂ ಅವಳ ಕೋಣೆಯ ಬಾಗಿಲ ಹೊರಗೆ ಲಾತ್ವಿಯಾದವರಿಗೆ ಹೊದಿಕೆ ಮಡಿಸುತ್ತಿದ್ದೆವು. ಮಾಮುಕಾ ಮೆಟ್ಟಿಲು ಹತ್ತಿ ಓಡಿಬಂದ. ಕೈಯಲ್ಲಿ ಫೋನು, ಫೋನಿನ ಬಾಯಿಗೆ ಅಂಗೈ ಮುಚ್ಚಿತ್ತು.

“ಮಾರೋ! ಆ ಮುದುಕನ ಮನೆಯೋರು ಇವತ್ತೇ ಉತ್ತರ ಬೇಕು ಅಂತಿದಾರೆ. ಅಮ್ಮನ್ನ ಎಬ್ಸಿ, ಒಂದು ಮಾತು ಆಡ್ಲಿ. ಒಂದೇ ಮಾತು!”

ಅವನು ಬಾಗಿಲಿನ ಹಿಡಿಕೆಗೆ ಕೈ ಹಾಕಿದ. ಇರ್ಮಾ ಹೊದಿಕೆ ಬಿಟ್ಟು ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಅವನ ಕೈಯಿಂದ ಫೋನು ಕಿತ್ತುಕೊಂಡಳು.

“ಹಲೋ, ಮಾರೋ ಅಕ್ಕ? ನಾನು ಇರ್ಮಾ, ಲಾಮಾರಾ ಅವರ ಸೊಸೆ. ಅತ್ತೆ ಮಲಗಿದಾರೆ. ಇಲ್ಲ, ಎಬ್ಬಿಸಲ್ಲ. ಇಲ್ಲ, ಸಂಜೆ ಮಾಡಿದ್ರೂ ಅಷ್ಟೇ. ಅವರು ಬರಲ್ಲ, ಕೊಯ್ಲಾದ ಮೇಲೂ ಬರಲ್ಲ.” ಅವಳು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಅಕ್ಕ, ಆ ಮುದುಕ ತೆಳ್ಳಗಿದಾನೆ, ಎತ್ತೋಕೆ ಕಷ್ಟ ಇಲ್ಲ ಅಂದ್ರಂತಲ್ಲ? ನಮ್ಮನೇಲೊಬ್ಬ ಗಂಡಸಿದಾನೆ. ಇನ್ನೂ ನಲವತ್ತಾಗಿಲ್ಲ, ಬೆನ್ನು ಕಲ್ಲಿನ ಥರ ಇದೆ, ಇಷ್ಟು ವರ್ಷ ಏನನ್ನೂ ಎತ್ತಿಲ್ಲ. ಭಾಷೆ ಬರಲ್ಲ, ಕಲೀತಾನೆ. ನಮ್ಮತ್ತೇನೂ ಅಲ್ಲಿಗೆ ಹೋಗೇ ಕಲ್ತಿದ್ದು. ಯಾವತ್ತಿಗೆ ಕಳಿಸ್ಲಿ, ಹೇಳಿ.”